ಟರ್ಬೊ ಪಿಕಪ್‌ಗೆ ಸದ್ದು ಕಡಿಮೆ, ಉಸಿರು ಕಟ್ಟದ ಸೈಲೆನ್ಸರ್ ಯಾವುದು?

ತೀರ್ಥಹಳ್ಳಿ ತೋಟದವ:
ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪಿಕಪ್. 2.5 ಲೀಟರ್ ಟರ್ಬೊ ಡೀಸೆಲ್, ಸುಮಾರು 135 ಕುದುರೆ ಶಕ್ತಿ. ಹಿಂದಿನ ಸೈಲೆನ್ಸರ್ ಡಬ್ಬ ತುಕ್ಕು ಹಿಡಿದು ತೂತಾಗಿದೆ. ಹೇಗೂ ಬದಲಾಯಿಸಬೇಕು. ಟೆಕ್ಸಾಸ್‌ನಲ್ಲಿರುವ ನಮ್ಮ ಭಾವನ ಬಳಿ ಸೂಪರ್‌ಚಾರ್ಜರ್ ಕೂರಿಸಿದ ಟೊಯೋಟಾ ಟುಂಡ್ರಾ ಇದೆ, 5.7 ಲೀಟರ್ ವಿ8. ಅವರು 3 ಇಂಚಿನ ಪೈಪು, ನೇರ ತೂತಿನ ಉದ್ದದ ಸೈಲೆನ್ಸರ್ ಹಾಕಿಸಿದ್ದಾರೆ. "ಎಳೆತ ಚೆನ್ನಾಗಿದೆ, ಒಳಗೆ ಕೂತರೆ ಸದ್ದೇ ಇಲ್ಲ, ನೀನೂ ಅದನ್ನೇ ಹಾಕಿಸು" ಅಂತ ಹೇಳುತ್ತಿದ್ದಾರೆ. ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಹತ್ತುತ್ತೇನೆ. ಸೀಸನ್ನಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗ ಮಂಡಿಗೂ ಹೋಗುತ್ತೇನೆ. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಗುಂಯ್ ಅನ್ನುವ ಸದ್ದಿಗೆ ತಲೆನೋವು ಬರುತ್ತದೆ. ಭಾವ ಹೇಳಿದ್ದನ್ನೇ ಹಾಕಿಸಲಾ?

ಸಾಗರದ ಗ್ಯಾರೇಜು:
ಭಾವನವರು ಹೇಳಿದ್ದು ಅವರ ಗಾಡಿಗೆ ಸರಿ. ನಿಮ್ಮದು ಬೇರೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನ ಕ್ರ್ಯಾಂಕಿನಿಂದ ಬರುವ ಬೆಲ್ಟಿನಿಂದ. ಹೊಗೆ ಅದರೊಳಗೆ ಹಾಯುವುದೇ ಇಲ್ಲ. ಹಾಗಾಗಿ ಎಂಜಿನ್ನಿನ ಪ್ರತಿ ಹೊಡೆತವೂ ಪೂರ್ತಿ ಜೋರಿನಲ್ಲಿ ಪೈಪಿಗೆ ಬರುತ್ತದೆ. ಗಾಳಿ ಜಾಸ್ತಿ ತುಂಬುವುದರಿಂದ ಹೊರಹೋಗುವ ಹೊಗೆಯೂ ಜಾಸ್ತಿ. ಕಂಪನಿಯ ಸೂಪರ್‌ಚಾರ್ಜರ್ ಇದ್ದ ಆ ಟುಂಡ್ರಾಕ್ಕೆ 504 ಕುದುರೆ ಶಕ್ತಿ. ಅಷ್ಟು ಹೊಗೆಗೆ 3 ಇಂಚು ಬೇಕು.

ನಿಮ್ಮ ಟರ್ಬೊನೂ ಗಾಳಿಯನ್ನೇ ತುಂಬುತ್ತದೆ, ಆದರೆ ಅದು ಹೊಗೆಯಿಂದಲೇ ತಿರುಗುತ್ತದೆ. ಅಲ್ಲೇ ಹೊಡೆತ ಅರ್ಧ ಮುರಿದುಹೋಗಿರುತ್ತದೆ. ಟರ್ಬೊ ದಾಟಿದ ಮೇಲೆ ದಾರಿ ಎಷ್ಟು ಸಲೀಸಾಗಿದ್ದರೆ ಅದು ಅಷ್ಟು ಬೇಗ ಸುತ್ತು ಹಿಡಿಯುತ್ತದೆ. ಆದರೆ 135 ಕುದುರೆಗೆ ಎರಡೂವರೆ ಇಂಚೇ ಧಾರಾಳ.

ಕೊಪ್ಪದ ಪಿಕಪ್:
ಟರ್ಬೊನೇ ಸದ್ದು ನುಂಗುತ್ತದೆ ಅಂದಮೇಲೆ ಸೈಲೆನ್ಸರ್ ಯಾಕೆ ಅಣ್ಣ? ನಾನು ಹಿಂದಿನ ಡಬ್ಬ ತೆಗೆಸಿ ಸಾದಾ ಪೈಪ್ ಹಾಕಿಸಿ ಒಂದು ವರ್ಷ ಆಯಿತು. ಘಾಟಿಯಲ್ಲಿ ಎಳೆತ ನಿಜವಾಗಿಯೂ ಜಾಸ್ತಿಯಾಗಿದೆ. ಖರ್ಚೂ ಕಡಿಮೆ. ತುಕ್ಕು ಹಿಡಿಯೋಕೆ ಡಬ್ಬವೇ ಇಲ್ಲ.

ಸೋಮೇಶ್ವರದ ಮನೆ:
ನಮ್ಮ ಮನೆ ಘಾಟಿ ಬುಡದಲ್ಲಿ, ರಸ್ತೆಯಿಂದ ಹತ್ತು ಮಾರು. ಗಾಡಿಗಳು ಇಲ್ಲಿಂದಲೇ ಗೇರ್ ಇಳಿಸಿ ಏರಲು ಶುರು ಮಾಡುತ್ತವೆ. ಹದಿನಾಲ್ಕು ತಿರುವು ಹತ್ತುವವರೆಗೂ ಅದರ ಸದ್ದು ಕಾಡಿನೊಳಗಿಂದ ಕೇಳುತ್ತಲೇ ಇರುತ್ತದೆ. ಬೆಳಗಿನ ಐದೂವರೆಗೆ ಹಾಲು ಕರೆಯುವಾಗ ಅಂಥ ಒಂದು ಗಾಡಿ ಹೋದರೆ ದನ ಬೆದರಿ ಕಾಲು ಎತ್ತುತ್ತದೆ. ಆಮೇಲೆ ಎಷ್ಟು ಸವರಿದರೂ ಹಾಲು ಇಳಿಸುವುದಿಲ್ಲ. ಒಳಗೆ ಮೂರು ತಿಂಗಳ ಮಗು ಎದ್ದು ಅಳುತ್ತದೆ. ಕೊಪ್ಪದ ತಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ನಿಮಗೆ ಕ್ಯಾಬಿನ್ ಒಳಗೆ ಕೇಳುವ ಸದ್ದು ಬೇರೆ, ನಮಗೆ ಕೇಳುವುದು ಬೇರೆ.

ಶಿವಮೊಗ್ಗ ವಕೀಲ:
ಕಾನೂನೂ ತಿಳಿದಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. 3 ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಇನ್ನು 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡಬಾರದು ಅನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ನನ್ನನ್ನು ಕೇಳಿದರೆ ಕಂಪನಿಯ ಡಬ್ಬವನ್ನೇ ಹಾಕಿಸಿ.

ಸಾಗರದ ಗ್ಯಾರೇಜು:
ವಕೀಲರೇ, ಒಪ್ಪುತ್ತೇನೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಂತೂ ಮುಟ್ಟಲೇಬಾರದು. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಮಸಿ ಹಿಡಿಯುವ ಡಿಪಿಎಫ್ ಕೂಡ. ಆದರೆ ಅದೇ ಡಬ್ಬ ಹಾಕಿದರೆ ನಮ್ಮ ಮಳೆಗೆ ಮತ್ತೆ ಅದೇ ಕತೆ ಅಲ್ವಾ?

ಕೊಪ್ಪದವರಿಗೆ ಒಂದು ಮಾತು. ಸದ್ದು ಕಡಿಮೆ ಮಾಡಬೇಕಾದರೆ ದಾರಿ ಕಟ್ಟಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಬೇಕಾಗಿರುವುದು ಜಾಗ. ಒಳಗೆ ತೂತು ತೂತಿನ ನೇರ ಪೈಪು, ಸುತ್ತ ಗ್ಲಾಸ್ ವುಲ್, ಹೊರಗೆ ದೊಡ್ಡ ಡಬ್ಬ. ಹೊಗೆ ನೇರ ಹೋಗುತ್ತದೆ, ಸದ್ದು ಮಾತ್ರ ಬದಿಗೆ ಹರಡಿ ವುಲ್ಲಿನಲ್ಲಿ ಸಾಯುತ್ತದೆ. ಡಬ್ಬ ದೊಡ್ಡದಾದಷ್ಟೂ ಒಳ್ಳೆಯದು. 60 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ವ್ಯಾಸದ ದುಂಡಗಿನ ಡಬ್ಬ ಅಂದರೆ ಸುಮಾರು 19 ಲೀಟರ್ ಜಾಗ. ಈ ಎಂಜಿನ್ನಿನ ಏಳೂವರೆ ಪಟ್ಟು. ಕಾರಿನ ಅಡಿ ಅಷ್ಟು ಜಾಗ ಹುಡುಕುವುದು ಕಷ್ಟ. ಪಿಕಪ್ಪಿನ ಅಡಿ ಬೇಕಾದಷ್ಟಿದೆ. ಅದನ್ನು ಬಳಸಿಕೊಳ್ಳದೆ ಸುಮ್ನೆ ಸಾದಾ ಪೈಪ್ ಯಾಕೆ?

ಕೊಪ್ಪದ ಪಿಕಪ್:
ಸೋಮೇಶ್ವರದ ಅಕ್ಕ, ದನದ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲೂ ಹಸು ಇದೆ. ಬೇಜಾರಾಯಿತು.
ಸಾಗರದ ಅಣ್ಣ, ಒಂದು ಸಂಶಯ. ಎಂಜಿನ್ನಿಗೆ ಸ್ವಲ್ಪ ಹಿಂದೊತ್ತಡ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಬೇಕು, ಇಲ್ಲದಿದ್ದರೆ ಕೆಳಗಿನ ಎಳೆತ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ಸಾಗರದ ಗ್ಯಾರೇಜು:
ಟರ್ಬೊ ಇಲ್ಲದ ಗಾಡಿಯಲ್ಲಿ ತೀರಾ ದಪ್ಪ ಪೈಪ್ ಹಾಕಿದರೆ ಹೊಗೆಯ ಓಟ ನಿಧಾನವಾಗುತ್ತದೆ. ಮುಂದಿನ ಹೊಗೆ ಹಿಂದಿನದನ್ನು ಎಳೆದುಕೊಂಡು ಹೋಗುವ ಗುಣ ತಪ್ಪುತ್ತದೆ. ಜನ ಅದನ್ನೇ ಹಿಂದೊತ್ತಡ ಬೇಕು ಅಂತ ತಪ್ಪಾಗಿ ಹೇಳುತ್ತಾರೆ. ಟರ್ಬೊ ದಾಟಿದ ಮೇಲಿನ ಒತ್ತಡದಿಂದ ಯಾವ ಲಾಭವೂ ಇಲ್ಲ.
ಆದರೆ ದುಡ್ಡು ಹಾಕುವ ಮುಂಚೆ ಅಳೆಯಿರಿ. ಟರ್ಬೊ ಆದಮೇಲೆ ಪೈಪಿಗೊಂದು ನಟ್ ವೆಲ್ಡ್ ಮಾಡಿಸಿ, ಉದ್ದದ ತಾಮ್ರದ ನಳಿಗೆಗೆ ಗೇಜು ಸಿಕ್ಕಿಸಿ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ತುಳಿಯಿರಿ. ಗೇಜಿನಲ್ಲಿ ಒತ್ತಡ ಒಂದೂವರೆ ಪಿಎಸ್‌ಐ ಒಳಗಿದ್ದರೆ ನಿಮ್ಮ ದಾರಿ ಸಲೀಸಾಗೇ ಇದೆ ಅಂತ ಅರ್ಥ.

ಭದ್ರಾವತಿ ಉಕ್ಕಿನವ:
ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಡಬ್ಬ ಕೊಳೆಯುವುದು ಹೆಚ್ಚಾಗಿ ಒಳಗಿನಿಂದ. ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ತೋಟದಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಡಬ್ಬ ಬಿಸಿಯೇರುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಮಸಿ, ಆಮ್ಲ ಎಲ್ಲ ಅದರಲ್ಲಿ ಸೇರುತ್ತದೆ. ಹೊರಗೆ ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಆಗುಂಬೆ ಮಳೆ. ಸಾದಾ ಕಬ್ಬಿಣದ ಪೈಪ್ ಬೇಡವೇ ಬೇಡ.
ಸ್ಟೇನ್‌ಲೆಸ್ಸಿನಲ್ಲೂ ಎರಡು ತರ ಇದೆ. 409 ಅಗ್ಗ, ಗಾಡಿ ಕಂಪನಿಗಳು ಹೆಚ್ಚಾಗಿ ಬಳಸುವುದು ಅದನ್ನೇ. ಮೇಲ್ಮೈ ಕೆಂಪಾಗುತ್ತದೆ. 304 ದುಬಾರಿ, ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಷ್ಟಾಗಿ ಅಂಟುವುದಿಲ್ಲ. ಡಬ್ಬದ ತಗ್ಗಿನ ಜಾಗದಲ್ಲಿ ನೀರಿಳಿಯಲು ಸೂಜಿಯಷ್ಟು ತೂತು ಕೊಡಿಸಿ.
ಪೈಪ್ ಬಗ್ಗಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಖಾಲಿ ಪೈಪ್ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಎರಡೂವರೆ ಇಂಚಿನ ಪೈಪು ಅಲ್ಲಿ ಎರಡು ಇಂಚಾಗಿ ಕೂರುತ್ತದೆ. ಒಳಗೆ ಆಧಾರ ಕೊಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಬೆಂಡ್ ಸಿಗದಿದ್ದರೆ ಒಣ ಮರಳು ಗಟ್ಟಿಯಾಗಿ ತುಂಬಿ ಬಗ್ಗಿಸಲಿ.

ತೀರ್ಥಹಳ್ಳಿ ತೋಟದವ:
ಭಾವನ ಜೊತೆ ನಿನ್ನೆ ಮಾತಾಡಿದೆ. 3 ಇಂಚು ಹಾಕಿಸಿದರೆ ನಷ್ಟವೇನಿಲ್ಲವಲ್ಲ ಅಂತಾರೆ. ಹೌದಾ?

ಸಾಗರದ ಗ್ಯಾರೇಜು:
ನಷ್ಟವಿದೆ. ಅದೇ 20 ಸೆಂಟಿಮೀಟರ್ ಡಬ್ಬಕ್ಕೆ ಎರಡೂವರೆ ಇಂಚಿನ ಪೈಪ್ ಸೇರಿದರೆ ಡಬ್ಬದ ಅಡ್ಡಸೀಳಿನ ವಿಸ್ತೀರ್ಣ ಪೈಪಿನ ಹತ್ತು ಪಟ್ಟು. 3 ಇಂಚಾದರೆ ಏಳು ಪಟ್ಟು ಮಾತ್ರ. ಆ ಅಂತರ ಕಡಿಮೆಯಾದಷ್ಟೂ ಸದ್ದು ತಡೆಯುವ ಶಕ್ತಿ ಕಡಿಮೆ.
ಇನ್ನೊಂದು ಮುಖ್ಯ ವಿಷಯ, ಅಮ್ಮನ ತಲೆನೋವಿನ ಗುಂಯ್. ಭಾವನ ಎಂಟು ಸಿಲಿಂಡರಿನ ವಿ8 ಎಂಜಿನ್ ನಿಮಿಷಕ್ಕೆ 1800 ಸುತ್ತಿನಲ್ಲಿ ಸೆಕೆಂಡಿಗೆ 120 ಸಲ ಹೊಡೆಯುತ್ತದೆ. ನಿಮ್ಮ ನಾಲ್ಕು ಸಿಲಿಂಡರ್ 2000 ಸುತ್ತಿನಲ್ಲಿ 67 ಸಲ. ಗ್ಲಾಸ್ ವುಲ್ ಕಿರಿಚುವ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಇಷ್ಟು ತಗ್ಗಿನ ಗುಂಯ್ ಅದಕ್ಕೆ ಬಗ್ಗುವುದಿಲ್ಲ. ಅದನ್ನು ಹಿಡಿಯುವುದು ನಡುವಿನ ಡಬ್ಬದ ಕೋಣೆಗಳು. ಅದಕ್ಕೇ ಕಂಪನಿಯ ನಡುಡಬ್ಬ ಹಾಗೇ ಇರಲಿ. ಹಿಂದಿನದು ಮಾತ್ರ ಹೊಸದು.

ಶಿವಮೊಗ್ಗ ವಕೀಲ:
ಹಾಗೆ ಮಾಡಿ ಶಬ್ದ ಮೊದಲಿಗಿಂತ ಹೆಚ್ಚಾಗದಿದ್ದರೆ 190ರ ಭಯವಿಲ್ಲ. 52ರ ಪ್ರಶ್ನೆ ಉಳಿಯುತ್ತದೆ. ಕತ್ತರಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಈ ವಿಷಯದಲ್ಲಿ ನಾನು ನಿಮ್ಮೆಲ್ಲರಿಗಿಂತ ಬಿಗಿ, ಕ್ಷಮಿಸಿ.

ತೀರ್ಥಹಳ್ಳಿ ತೋಟದವ:
ತಡವಾಗಿ ಬರೆಯುತ್ತಿದ್ದೇನೆ. ಮೊದಲು ತೂತಿಗೆ ತೇಪೆ ಹಾಕಿಸಿ ಗೇಜಿನಲ್ಲಿ ನೋಡಿದೆ, ಎರಡು ಪಿಎಸ್‌ಐ ತೋರಿಸಿತು. ಹಳೇ ಡಬ್ಬ ಬಿಚ್ಚಿದರೆ ಒಳಗಿನ ತಗಡೊಂದು ಕಳಚಿ ದಾರಿಗೆ ಅಡ್ಡ ಬಿದ್ದಿತ್ತು. ಆರ್‌ಟಿಒದಲ್ಲಿ ಕೇಳಿದೆ, ಸದ್ದು ಮೂಲಕ್ಕಿಂತ ಜಾಸ್ತಿ ಇರಬಾರದು, ಕನ್ವರ್ಟರ್ ಮುಟ್ಟಬಾರದು ಅಂದರು. ಕನ್ವರ್ಟರ್, ನಡುಡಬ್ಬ ಎರಡೂ ಕಂಪನಿಯದೇ ಇವೆ. ಹಿಂದೆ 304ರ 60 ಸೆಂಟಿಮೀಟರ್ ಡಬ್ಬ, ಎರಡೂವರೆ ಇಂಚಿನ ಪೈಪು. ಬಾಯಿ ಹಿಂಬದಿಯ ಬಂಪರ್ ದಾಟಿ ಹೊರಗಿದೆ, ಹೊಗೆ ಕ್ಯಾಬಿನ್ನಿಗೆ ಬರುವುದಿಲ್ಲ. ಈಗ ಗೇಜು ಒಂದಕ್ಕಿಂತ ಕೆಳಗಿದೆ. ಮೂಟೆ ಹೇರಿದಾಗ ಏರಿನಲ್ಲಿ ಟರ್ಬೊ ಬೇಗ ಹಿಡಿಯುತ್ತದೆ. ಅಮ್ಮ ಶಿವಮೊಗ್ಗದವರೆಗೂ ನಿದ್ದೆ ಮಾಡಿದರು.
ಅಕ್ಕ, ನಾಳೆ ಬೆಳಿಗ್ಗೆ ಐದೂವರೆಗೆ ನಿಮ್ಮ ಮನೆ ಮುಂದೆ ಘಾಟಿ ಹತ್ತುತ್ತೇನೆ. ಹೇಗೆ ಕೇಳುತ್ತದೆ ಹೇಳಿ.

ಸೋಮೇಶ್ವರದ ಮನೆ:
ಕೊಟ್ಟಿಗೆಯಲ್ಲೇ ಇದ್ದೆ. ಟಯರ್ ಸದ್ದು ಕೇಳಿತು, ದನ ಕಿವಿ ತಿರುಗಿಸಿತು, ಅಷ್ಟೇ. ಮೊದಲ ತಿರುವಿನಲ್ಲಿ ಗೇರ್ ಬದಲಾಯಿಸುವಾಗ ಮಾತ್ರ ಒಂದು ಗುಂಯ್ ಬಂತು. ಮಗು ಏಳಲಿಲ್ಲ.

ಸಾಗರದ ಗ್ಯಾರೇಜು:
ಆ ಗುಂಯ್ 1900 ಸುತ್ತಿನ ಆಸುಪಾಸಿನದಿರಬೇಕು. ಒಂದು ಕಡೆ ಮುಚ್ಚಿದ ಒಂದೂವರೆ ಮೀಟರ್ ಪೈಪನ್ನು ಕವಲಾಗಿ ಸೇರಿಸಿ ಚಾಸಿಸ್ ಉದ್ದಕ್ಕೆ ಕಟ್ಟಿದರೆ ಆ ಒಂದು ಸ್ವರ ಮಾತ್ರ ಸಾಯುತ್ತದೆ. ಹೊಗೆಯ ದಾರಿಗೆ ಏನೂ ಅಡ್ಡಿಯಿಲ್ಲ. ಸಾಗರ ಕಡೆ ಬಂದಾಗ ಗಾಡಿ ತನ್ನಿ, ಅಳೆದು ಕತ್ತರಿಸೋಣ.

ಕೊಪ್ಪದ ಪಿಕಪ್:
ಅಣ್ಣ, ನಾನೂ ಅದೇ ದಿನ ಬರುತ್ತೇನೆ. ನನ್ನ ಹಳೇ ಡಬ್ಬ ಇನ್ನೂ ಮನೆಯ ಅಟ್ಟದಲ್ಲಿದೆ, ತರಲಾ?