ನೈಟ್ರೈಟ್ ಜೊತೆಗಿದ್ದಾಗ ನೈಟ್ರೇಟ್ ಹಿಡಿಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು (ಬಿ.ಎಸ್ಸಿ. ವಿದ್ಯಾರ್ಥಿನಿ): ಪ್ರಾಕ್ಟಿಕಲ್‌ನಲ್ಲಿ ಕೊಟ್ಟ ದ್ರಾವಣದಲ್ಲಿ ನೈಟ್ರೈಟ್, ನೈಟ್ರೇಟ್ ಎರಡೂ ಇರಬಹುದು ಅಂದಿದ್ರು. ಫೆರಸ್ ಸಲ್ಫೇಟ್ ಹಾಕಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಬಿಟ್ಟೆ. ನೈಟ್ರೇಟ್ ಇದ್ರೆ ಎರಡು ಪದರ ಸೇರೋ ಕಡೆ ಕಂದು ಉಂಗುರ ಬರಬೇಕಂತೆ. ಉಂಗುರ ಬರೋದಿರಲಿ, ಇಡೀ ಪ್ರನಾಳ ಕಾಫಿ ಡಿಕಾಕ್ಷನ್ ಥರ ಆಯ್ತು. ನೈಟ್ರೇಟ್ ಇದೆ ಅಂತ ಬರೆದೆ, ಮಾರ್ಕ್ಸ್ ಹೋಯ್ತು. ಮುಂದಿನ ವಾರ ಮತ್ತೆ ಇದೆ.

ನಿವೃತ್ತ ಉಪನ್ಯಾಸಕ: ಏನಮ್ಮಾ, ಆ ಬಣ್ಣ ಬಂದದ್ದು ನೈಟ್ರೈಟ್‌ನಿಂದ. ಅದಕ್ಕೆ ಸಾಂದ್ರ ಆಮ್ಲವೇ ಬೇಕಿಲ್ಲ, ಫೆರಸ್ ಸಲ್ಫೇಟ್ ಜೊತೆ ಅಸಿಟಿಕ್ ಆಮ್ಲ ಸಾಕು, ಕಂದಾಗುತ್ತೆ. ನೈಟ್ರೇಟ್ ಅಸಿಟಿಕ್ ಆಮ್ಲಕ್ಕೆ ಜಗ್ಗೋದಿಲ್ಲ. ಎರಡರಲ್ಲೂ ಬಣ್ಣ ಕೊಡೋದು ನೈಟ್ರಿಕ್ ಆಕ್ಸೈಡ್ ಕಬ್ಬಿಣಕ್ಕೆ ಅಂಟಿಕೊಂಡ ಅದೇ ಸಂಕೀರ್ಣ. ಅದಕ್ಕೇ ನೈಟ್ರೈಟ್ ಇದ್ದರೆ ಉಂಗುರಕ್ಕೆ ಬೆಲೆ ಇಲ್ಲ. ಮೊದಲು ಅದನ್ನ ಓಡಿಸಬೇಕು. ನಮ್ಮ ಕಾಲದಲ್ಲಿ ಯೂರಿಯಾ ಹಾಕ್ತಿದ್ವಿ, ಸಾರಜನಕವಾಗಿ ಗುಳುಗುಳು ಅಂತ ಹೋಗ್ತಿತ್ತು.

ಸಂಶೋಧನಾ ವಿದ್ಯಾರ್ಥಿ: ಸರ್, ಯೂರಿಯಾದಲ್ಲಿ ನಾನು ಸಿಕ್ಕಿಬಿದ್ದಿದ್ದೀನಿ. ಬರೀ ಸೋಡಿಯಂ ನೈಟ್ರೈಟ್ ತಗೊಂಡು ಮಾಡಿದ್ರೂ ಕೊನೇಲಿ ಸಣ್ಣ ಉಂಗುರ ಬರ್ತಿತ್ತು. ಎರಡು ದಿನ ತಲೆ ಕೆಡಿಸ್ಕೊಂಡೆ. ಯೂರಿಯಾ ಹಾಕಿದಾಗ ಸ್ವಲ್ಪ ನೈಟ್ರೇಟ್ ಅಲ್ಲೇ ಹುಟ್ಟುತ್ತೆ. ಸಲ್ಫಾಮಿಕ್ ಆಮ್ಲದಲ್ಲಿ ಆ ಕಾಟ ಇಲ್ಲ. ಇನ್ನೊಂದು: ಮೊದಲು ಬೇರೆ ಆಮ್ಲ ಹಾಕಬೇಡಿ. ನೈಟ್ರಸ್ ಆಮ್ಲ ತಾನೇ ಒಡೆದು ಒಂದಿಷ್ಟು ನೈಟ್ರಿಕ್ ಆಮ್ಲ ಆಗಿಬಿಡುತ್ತೆ, ಇಲ್ಲದ ನೈಟ್ರೇಟ್ ನೀವೇ ಮಾಡಿದ ಹಾಗೆ. ಸಲ್ಫಾಮಿಕ್ ಆಮ್ಲವನ್ನೇ ನೇರ ಚಿಟಿಕೆ ಚಿಟಿಕೆ ಹಾಕಿ, ಗುಳ್ಳೆ ನಿಲ್ಲೋವರೆಗೆ. ಆಮೇಲೆ ಒಂದು ಹನಿ ಪಿಷ್ಟ–ಪೊಟಾಸಿಯಂ ಅಯೋಡೈಡ್ ಕಾಗದದ ಮೇಲೆ ಇಡಿ. ನೀಲಿ ಬಂದ್ರೆ ನೈಟ್ರೈಟ್ ಇನ್ನೂ ಇದೆ. ಬಾಟಲಿ ಹಳೇದಾದ್ರೆ ಸೋಡಿಯಂ ನೈಟ್ರೈಟ್‌ನಲ್ಲೇ ನೈಟ್ರೇಟ್ ಸೇರಿರುತ್ತೆ, ಅದನ್ನೂ ನೆನಪಿಡಿ.

ಲ್ಯಾಬ್ ಅಟೆಂಡರ್: ಪುಸ್ತಕದ ವಿಷಯ ನಂಗೊತ್ತಿಲ್ಲ, ಕೈಯ ವಿಷಯ ಹೇಳ್ತೀನಿ. ಫೆರಸ್ ಸಲ್ಫೇಟ್ ಅವತ್ತೇ ಕರಗಿಸಿ. ಹರಳು ತಿಳಿ ಹಸಿರು ಇರಬೇಕು, ಮೇಲೆ ಕಂದು ಧೂಳು ಕೂತಿದ್ರೆ ಒಂದು ಸಲ ತಣ್ಣೀರಲ್ಲಿ ತೊಳೆದು ತಗೊಳ್ಳಿ. ಪ್ರನಾಳ ಓರೆ ಹಿಡಿದು ಸಲ್ಫ್ಯೂರಿಕ್ ಆಮ್ಲ ಗೋಡೆ ಗುಂಟ ಇಳೀಬೇಕು. ಅದು ಭಾರ, ತಾನೇ ಅಡಿಗೆ ಹೋಗುತ್ತೆ. ಅಲ್ಲಾಡಿಸಿದ್ರೆ ಬಿಸಿಯಾಗಿ ಉಂಗುರ ಮಾಯ. ಮಕ್ಕಳು ‘ಅಣ್ಣಾ ಬರ್ಲಿಲ್ಲ’ ಅಂತ ಬರೋದು ಹೆಚ್ಚಾಗಿ ಅಲ್ಲಾಡಿಸಿದ್ದಕ್ಕೇ.

ನೀರು ಪರೀಕ್ಷೆ ಮಾಡುವವರು: ನಾವು ಉಂಗುರಕ್ಕೆ ಹೋಗೋದೇ ಇಲ್ಲ. ಗ್ರೀಸ್ ಅನ್ನೋರ ಹೆಸರಿನ ಬಣ್ಣದ ಪರೀಕ್ಷೆ ಮಾಡ್ತೀವಿ. ನೈಟ್ರೈಟ್ ಇದ್ದರೆ ಗುಲಾಬಿ ಬಣ್ಣ. ಇನ್ನೊಂದು ಪ್ರನಾಳದಲ್ಲಿ ಸತುವಿನ ಪುಡಿ ಹಾಕಿ ನೈಟ್ರೇಟನ್ನ ನೈಟ್ರೈಟ್ ಮಾಡಿ ನೋಡಿದಾಗ ಬಣ್ಣ ಗಾಢ ಆದ್ರೆ ಆ ಹೆಚ್ಚುವರಿ ನೈಟ್ರೇಟ್‌ದು. ಬೋರ್‌ವೆಲ್ ನೀರಿಗೆ ಇದೇ ಬೇಕು, ಯಾಕಂದ್ರೆ ಭಾರತೀಯ ಮಾನಕದ ಮಿತಿ ಲೀಟರ್‌ಗೆ 45 ಮಿ.ಗ್ರಾಂ ನೈಟ್ರೇಟ್. ಅಷ್ಟು ತೆಳುವಾದ್ದರಲ್ಲಿ ಉಂಗುರ ನಂಬೋ ಹಾಗಿಲ್ಲ. ಆದ್ರೆ ನಿಮ್ಮ ಪ್ರಾಕ್ಟಿಕಲ್ ದ್ರಾವಣ ಗಟ್ಟಿ, ತುಂಬಾ ತೆಳು ಮಾಡಿಯೇ ಹಾಕಿ, ಇಲ್ಲದಿದ್ರೆ ಗುಲಾಬಿ ಕೆಟ್ಟು ಹಳದಿಗೆ ತಿರುಗುತ್ತೆ.

ಉಪನ್ಯಾಸಕ ಮತ್ತೆ: ಡೆವಾರ್ಡಾ ಮಿಶ್ರಲೋಹ (ತಾಮ್ರ, ಅಲ್ಯೂಮಿನಿಯಂ, ಸತು ಸೇರಿದ್ದು) ಅಂತ ಯಾರಾದ್ರೂ ಹೇಳಿದ್ರೆ ಅದನ್ನ ನೆಚ್ಚಬೇಡ. ಅದರ ಜೊತೆ ನೈಟ್ರೈಟ್, ನೈಟ್ರೇಟ್ ಎರಡೂ ಅಮೋನಿಯಾ ಕೊಡ್ತವೆ. ಬ್ರೋಮೈಡ್, ಅಯೋಡೈಡ್ ಇದ್ದರೂ ಉಂಗುರ ಮೋಸ ಮಾಡುತ್ತೆ. ಯೂರಿಯಾ ವಿಷಯ ಒಪ್ಪಿದೆ, ಅಪ್ಪಾ.

ಕೇಳಿದವರು: ಇವತ್ತು ಮಾಡಿದೆ! ಸಲ್ಫಾಮಿಕ್ ಆಮ್ಲ ಮೂರು ಸಲ ಹಾಕಬೇಕಾಯ್ತು, ಎರಡು ಸಲ ಕಾಗದ ನೀಲಿಯಾಗ್ತಾನೇ ಇತ್ತು. ಮೂರನೇ ಸಲ ಬಿಳೀನೇ ಉಳೀತು. ಆಮೇಲೆ ಫೆರಸ್ ಸಲ್ಫೇಟ್ ಹಾಕಿ ಸಲ್ಫ್ಯೂರಿಕ್ ಆಮ್ಲ ಬಿಟ್ಟೆ, ಉಸಿರು ಬಿಗಿ ಹಿಡಿದು. ದಾರದಷ್ಟು ಕಂದು ಗೆರೆ, ಮೇಲೆ ಹಸಿರು, ಕೆಳಗೆ ತಿಳಿ. ಪಕ್ಕದವಳಿಗೆ ತೋರಿಸೋಕೆ ಅಂತ ಎತ್ತಿದೆ, ಅಲ್ಲಾಡಿ ಹೋಯ್ತು. ಅಷ್ಟರಲ್ಲಿ ಮೇಡಂ ನೋಡಿ ಸಹಿ ಹಾಕಿಬಿಟ್ಟಿದ್ರು.