ಕೊಕ್ಕರೆ ಅಂದರೆ ಯಾವ ಹಕ್ಕಿ? ಹೆಜ್ಜಾರ್ಲೆಯಲ್ಲಿನ ‘ಜಾರ್ಲೆ’ ಏನು?

ಗೆಳೆಯರಿಗೆ ನಮಸ್ಕಾರ.

ಹೋದ ಭಾನುವಾರ ಬೆಳಿಗ್ಗೆ ಅಕ್ಕನ ಮಗಳನ್ನು ಕರೆದುಕೊಂಡು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗಿದ್ದೆ. ಶಿವರಾತ್ರಿ ಕಳೆದಿದೆ, ಚಳಿಯೂ ಶಿವಶಿವ ಅಂತ ಹೊರಟಿದೆ. ಏರಿಯ ಮೇಲಿನ ಹೊಂಗೆ ಮರಗಳಲ್ಲಿ ಎಳೆ ಚಿಗುರು. ಹಕ್ಕಿ ನೋಡುವವರಿಗೆ ಇದು ಒಳ್ಳೆಯ ಹೊತ್ತು. ಉತ್ತರದಿಂದ ಬಂದ ಬಾತುಗಳು ಇನ್ನೂ ಪೂರ್ತಿ ಹೋಗಿರುವುದಿಲ್ಲ, ಇಲ್ಲಿನ ದೊಡ್ಡ ಹಕ್ಕಿಗಳು ಆಗಲೇ ಗೂಡಿನ ಕೆಲಸ ಹಿಡಿದಿರುತ್ತವೆ.

ಹುಡುಗಿಗೆ ಹತ್ತು ವರ್ಷ. ನನ್ನ ಬೈನಾಕ್ಯುಲರ್ ಅವಳ ಕೊರಳಿಗೆ ಹೋಗಿತ್ತು. ನೀರಿನ ಅಂಚಿನಲ್ಲಿ ಬೆಳ್ಳಗೆ ಒಂದು ನಿಂತಿತ್ತು.

“ಮಾಮ, ಅದು ಕೊಕ್ಕರೆನಾ?”

“ಹೂಂ.”

ಸ್ವಲ್ಪ ಮುಂದೆ ಬೂದಿ ಬಣ್ಣದ್ದು, ಉದ್ದ ಕತ್ತು. “ಅದು?” “ಅದೂ ಕೊಕ್ಕರೇನೇ.” ಮರದ ಮೇಲೆ ಹಳದಿ ಕೊಕ್ಕು, ಹಿಂಭಾಗದ ರೆಕ್ಕೆಯಲ್ಲಿ ತೆಳು ಗುಲಾಬಿ. “ಅದು?” ಈ ಸಲ ನಾನೇ ತಡವರಿಸಿದೆ. ಅವಳು ಬಿಡಲಿಲ್ಲ: “ಎಲ್ಲಾನೂ ಕೊಕ್ಕರೆ ಆದ್ರೆ ಮತ್ತೆ ಬೇರೆ ಬೇರೆ ಹೆಸರು ಯಾಕೆ?”

ಈ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಕ್ಕಿ ಪುಸ್ತಕಗಳ ಕನ್ನಡದಲ್ಲಿ ಲೆಕ್ಕ ಚೊಕ್ಕವಾಗಿದೆ. ಮೊದಲನೆಯದು ಬೆಳ್ಳಕ್ಕಿ. ಎರಡನೆಯದು ಬೂದು ಬಕ. ಮೂರನೆಯದು ಮಾತ್ರ ಕೊಕ್ಕರೆ, ಅದರಲ್ಲೂ ಬಣ್ಣದ ಕೊಕ್ಕರೆ. ಗುರುತು ಹಿಡಿಯೋದೂ ಸುಲಭ. ಹಾರುವಾಗ ಕತ್ತನ್ನು ಮಡಚಿ ಹೆಗಲಿಗೆ ಎಳೆದುಕೊಂಡರೆ ಬಕ ಅಥವಾ ಬೆಳ್ಳಕ್ಕಿ. ಕತ್ತು ನೆಟ್ಟಗೆ ಮುಂದಕ್ಕೆ ಚಾಚಿದ್ದರೆ ಕೊಕ್ಕರೆ. ಇನ್ನೊಂದು, ಕೊಕ್ಕರೆ ಕೂಗೋದು ತೀರಾ ಕಡಿಮೆ. ಗೂಡಿನ ಹತ್ತಿರ ಕೊಕ್ಕನ್ನು ಟಕಟಕ ಕುಟ್ಟಿಯೇ ಮಾತು ಮುಗಿಸುತ್ತೆ.

ಆದರೆ ಜನ ಹೀಗೆ ಮಾತಾಡ್ತಾರಾ? ನಮ್ಮಜ್ಜಿಯ ಊರು ನಾಲೆ ಬಯಲಿನ ಕಡೆ. ಅಲ್ಲಿ ಗದ್ದೆಯಲ್ಲಿ ಕಾಲೂರಿ ನಿಂತಿದ್ದೆಲ್ಲ ಕೊಕ್ಕರೆ. ಬೆಳ್ಳಗಿದ್ದರೆ, ಅದೂ ಹಿಂಡಾಗಿ ಸಂಜೆ ಹಾರಿಹೋಗುತ್ತಿದ್ದರೆ, ಬೆಳ್ಳಕ್ಕಿ. ‘ಬಕ’ ಅನ್ನೋದನ್ನು ನಾನು ಬಯಲಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಕೇಳಿದ್ದು ಬೈಗುಳದಲ್ಲಿ ಮಾತ್ರ: “ಬಕಪಕ್ಷಿ ಥರ ಕಾಯ್ತಾ ಕೂತಿದ್ದಾನೆ.” ಸಂಸ್ಕೃತದ ಬಕ ಗಾದೆಗೂ ಪುರಾಣಕ್ಕೂ ಬಂತು, ಗದ್ದೆಗೆ ಇಳಿಯಲಿಲ್ಲ ಅಂತ ನನಗನ್ನಿಸುತ್ತೆ. ಬೆಳ್ಳಕ್ಕಿಯ ಕಥೆ ಇನ್ನೂ ತಮಾಷೆ. ದನದ ಹಿಂದೆ ಓಡಾಡುವ ಗೋವಕ್ಕಿ ಮರಿ ಮಾಡುವ ಕಾಲಕ್ಕೆ ತಲೆ, ಕತ್ತು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಆಗಲೂ ಅದು ಬೆಳ್ಳಕ್ಕಿಯೇ!

ಈಗ ಪದದ ಮೂಲ. ಕೊಕ್ಕು ಉದ್ದ ಇರುವುದರಿಂದ ಕೊಕ್ಕರೆ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ನಾನೂ ನಂಬಿದ್ದೆ. ಆದರೆ ಪಕ್ಕದ ಮನೆಗಳನ್ನು ನೋಡಿ. ತಮಿಳಿನಲ್ಲಿ ‘ಕೊಕ್ಕು’ ಅಂದರೆ ಹಕ್ಕಿಯೇ, ನಮ್ಮ ಬೆಳ್ಳಕ್ಕಿ-ಬಕದ ಜಾತಿಯದ್ದು. ಹಕ್ಕಿಯ ಮೂತಿಗೆ ಅವರು ‘ಅಲಗು’ ಅಂತಾರೆ. ಮಲಯಾಳದಲ್ಲೂ ಕೊಕ್ಕ್ ಹಕ್ಕಿಯ ಹೆಸರು. ತೆಲುಗಿನಲ್ಲಿ ಕೊಂಗ, ತುಳುವಿನಲ್ಲಿ ಕೊರಂಗು. ಎಲ್ಲರಲ್ಲೂ ಇದು ಹಕ್ಕಿಯ ಹೆಸರಾಗಿದೆ. ಹಾಗಾಗಿ ಕೊಕ್ಕಿನಿಂದ ಕೊಕ್ಕರೆ ಹುಟ್ಟಿತು ಅನ್ನೋದು ನನಗೆ ಸುಮ್ನೆ ಆಮೇಲೆ ಹೊಂದಿಸಿದ ವಿವರಣೆ ಥರ ಕಾಣುತ್ತೆ. ಹಕ್ಕಿಯ ಹೆಸರೇ ಮೊದಲು ಇದ್ದಿರಬೇಕು. ಹಾಗಾದರೆ ನಮ್ಮ ‘ಕೊಕ್ಕು’ ಎಲ್ಲಿಂದ? ಬಾಗಿದ ‘ಕೊಕ್ಕೆ’ಗೂ ಅದಕ್ಕೂ ನಂಟಿದೆಯಾ? ಹಳಗನ್ನಡ ಬಲ್ಲವರು ಇದನ್ನು ಸ್ವಲ್ಪ ಬಿಡಿಸಿ ಹೇಳಿ.

ನಡುವೆ ಒಂದು ಖುಷಿಯ ವಿಷಯ. ಕೊಕ್ಕರೆಗಳಲ್ಲೇ ಒಂದಕ್ಕೆ ಕೊಕ್ಕಿನ ಮೇಲರ್ಧ ಕೆಳಗರ್ಧ ನಡುವೆ ಕೂಡುವುದಿಲ್ಲ, ಸಂದು ಉಳಿಯುತ್ತೆ. ಬಸವನಹುಳು ತಿನ್ನೋದು ಅದರ ಕಸುಬು. ಕನ್ನಡದಲ್ಲಿ ಅದಕ್ಕೆ ‘ಬಾಯ್ಕಳಕ’ ಅಂತ ಹೆಸರು. ಬಹಳ ದಿನ ಇದು ಏನೋ ಒರಟು ಪದ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು: “ಏನೋ ಹಾಗೆ ಬಾಯಿ ಕಳ್ಕೊಂಡು ನಿಂತಿದ್ದೀಯ?” ಅಂತ ಅಮ್ಮ ಗದರುತ್ತಿದ್ದಳಲ್ಲ, ಅದೇ ‘ಕಳೆ’, ಅಂದರೆ ತೆರೆ. ಸದಾ ಬಾಯಿ ಕಳೆದುಕೊಂಡಿರುವವನು ಬಾಯ್ಕಳಕ. ಇಂಥ ಹೆಸರು ಮೇಜಿನ ಮುಂದೆ ಕೂತವರಿಗೆ ಹೊಳೆಯುವಂಥದ್ದಲ್ಲ. ಅದೇ ಇಂಗ್ಲಿಷಿನ ‘ವೆಟ್‌ಲ್ಯಾಂಡ್’ಗೆ ಮಾಡಿಕೊಂಡ ‘ಜೌಗು ಪ್ರದೇಶ’ ನೋಡಿ. 2022ರಲ್ಲಿ ರಂಗನತಿಟ್ಟು ರಾಮ್ಸರ್ ಪಟ್ಟಿಗೆ, ಅಂದರೆ ಮುಖ್ಯ ವೆಟ್‌ಲ್ಯಾಂಡ್‌ಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದಾಗಿಂದ ಈ ಮಾತು ಜಾಸ್ತಿ ಕಾಣುತ್ತಿದೆ. ಕಾಲಿಟ್ಟರೆ ಹೂತುಹೋಗುವ ನೆಲ ಜೌಗು. ಕಾವೇರಿ ನಡುವಿನ ತಿಟ್ಟುಗಳು ಜೌಗು ಹೇಗಾಗುತ್ತವೆ? ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಇನ್ನು ಕೊಕ್ಕರೆ ಬೆಳ್ಳೂರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು, ಶಿಂಷಾ ಹೊಳೆಯ ಹತ್ತಿರ. ಊರಿನ ಹುಣಸೆ, ಅತ್ತಿ, ಅರಳಿ ಮರಗಳ ಮೇಲೇ ಹಕ್ಕಿಗಳು ಗೂಡು ಕಟ್ಟುತ್ತವೆ, ಕೆಳಗೆ ಜನ ಸಂಸಾರ ಮಾಡುತ್ತಾರೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಲೇ ಅಲ್ಲಿನವರ ಮಾತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಸಾರಿತು. ಗೂಡು ಕಟ್ಟುವವರಲ್ಲಿ ಎರಡು ಮುಖ್ಯ ಜಾತಿ. ಒಂದು ಬಣ್ಣದ ಕೊಕ್ಕರೆ. ಇನ್ನೊಂದು, ಕೊಕ್ಕಿನ ಕೆಳಗೆ ಚೀಲ ಇರುವ ಪೆಲಿಕನ್. ಊರಿನ ಹೆಸರಲ್ಲಿ ಎರಡನ್ನೂ ಸೇರಿಸಿ ‘ಕೊಕ್ಕರೆ’ ಅಂದುಬಿಟ್ಟಿದ್ದಾರೆ. ಅದೇ ಜಿಲ್ಲೆಯಲ್ಲಿ ನಾಗಮಂಗಲದ ಕಡೆ ಇನ್ನೊಂದು ಬೆಳ್ಳೂರಿದೆ, ಬೇರ್ಪಡಿಸಿ ಹೇಳೋಕೂ ಅನುಕೂಲ. ಆದರೆ ಪೆಲಿಕನ್‌ಗೆ ಅಲ್ಲಿ ಸ್ವಂತ ಹೆಸರೂ ಇದೆ: ಹೆಜ್ಜಾರ್ಲೆ.

ನನ್ನ ತಲೆ ಕೆಡಿಸಿರುವುದು ಈ ಪದ. ‘ಹೆ’ ಸುಲಭ. ಹಿರಿದು ಅನ್ನುವ ಅರ್ಥದ ಹಳೆಯ ‘ಪೆರ್’. ಹೆಬ್ಬಾವು, ಹೆಮ್ಮರ, ಹೆದ್ದಾರಿ, ಹೆಜ್ಜೇನು. ಪ್ರತಿ ಚಳಿಗಾಲ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತೂ ಅದೇ ಗುಂಪು. ಈ ಎಲ್ಲದರಲ್ಲೂ ‘ಹೆ’ ತೆಗೆದರೆ ಅರ್ಥ ಇರುವ ಪದ ಉಳಿಯುತ್ತೆ: ಹಾವು, ಮರ, ದಾರಿ, ಜೇನು, ಬಾತು. ಹೆಜ್ಜಾರ್ಲೆಯಲ್ಲಿ ಉಳಿಯೋದು ‘ಜಾರ್ಲೆ’. ದೊಡ್ಡ ಜಾರ್ಲೆ ಇದ್ದರೆ ಸಣ್ಣ ಜಾರ್ಲೆಯೂ ಇರಬೇಕಲ್ವಾ? ಯಾವ ಹಕ್ಕಿ ಅದು? ಜೇನು-ಹೆಜ್ಜೇನಿನ ಹಾಗೆ ‘ಜ’ದಿಂದಲೇ ಶುರುವಾಗುತ್ತಾ, ಅಥವಾ ಬೇರೆ ಅಕ್ಷರ ಇದ್ದದ್ದು ಸವೆದು ಹೀಗಾಯಿತಾ? ‘ಜಾರು’ವಿಗೆ ತಳುಕು ಹಾಕುವವರೂ ಸಿಕ್ಕಿದ್ದಾರೆ. ಪೆಲಿಕನ್ ನೀರಿಗೆ ಇಳಿಯುವಾಗ ಕಾಲು ಮುಂದೆ ಮಾಡಿ ಜಾರುತ್ತೆ ನಿಜ, ಆದರೂ ನನಗದು ಒಪ್ಪಿಗೆಯಿಲ್ಲ.

ಮಂಡ್ಯ, ಮೈಸೂರು, ಚಾಮರಾಜನಗರ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ‘ಜಾರ್ಲೆ’, ‘ಜಾರಲೆ’ ಅನ್ನುವ ಒಂಟಿ ಪದ ಎಲ್ಲಾದರೂ ಬಳಕೆಯಲ್ಲಿದೆಯಾ? ಬಯಲುಸೀಮೆಯವರು, ಕರಾವಳಿಯವರು ಪೆಲಿಕನ್‌ಗೆ ಏನಂತೀರಿ? ಜೊತೆಗೆ ಇನ್ನೊಂದು. ಕೂತಾಗ ಕಂದು ಗೆರೆ, ಎದ್ದು ಹಾರಿದರೆ ಇದ್ದಕ್ಕಿದ್ದಂತೆ ಬೆಳ್ಳಗಾಗುವ ಒಂದು ಸಣ್ಣ ಹಕ್ಕಿ ಎಲ್ಲ ಕೆರೆ, ಗದ್ದೆಯಲ್ಲೂ ಇರುತ್ತೆ. ಪುಸ್ತಕದಲ್ಲಿ ಅದು ‘ಕೊಳದ ಬಕ’. ನಿಮ್ಮೂರಲ್ಲಿ? ಪುಸ್ತಕದ ಹೆಸರು ಬೇಡ, ಮನೆಯಲ್ಲಿ ಕೇಳಿದ್ದೇ ಬರೆಯಿರಿ.

ಮುಂದಿನ ಭಾನುವಾರ ಮತ್ತೆ ಕೆರೆಗೆ ಹೋಗ್ತೀವಿ. ಅವಳು ನೋಟ್‌ಬುಕ್ಕಿನಲ್ಲಿ ಆಗಲೇ ಮೂರು ಕಾಲಂ ಗೀಟು ಹಾಕಿಟ್ಟಿದ್ದಾಳೆ. ಮೂರನೆಯದರ ತಲೆಬರಹ ‘ಮಾಮ ಕೊಕ್ಕರೆ ಅಂದಿದ್ದು’.