ಮಗ ಫೈಟ್ ಶೋಗೆ ಹೊರಟಿದ್ದಾನೆ: ಮಂಡ್ಯದ ತಾಯಿಗೆ ಓದುಗರ ಸ್ಪಂದನ

ಕಳೆದ ವಾರದ ಪತ್ರ: ಮಗನಿಗೆ 20 ವರ್ಷ. ಕಾಲೇಜು ಬಿಟ್ಟು ಎಂಎಂಎ (ಕುಸ್ತಿ, ಬಾಕ್ಸಿಂಗ್ ಎಲ್ಲ ಬೆರೆತ ಹೊಡೆದಾಟದ ಆಟ) ರಿಯಾಲಿಟಿ ಶೋ ಆಡಿಷನ್‌ಗೆ ತಯಾರಾಗುತ್ತಿದ್ದಾನೆ. ತೂಕ ಇಳಿಸಬೇಕಂತೆ, ಮುದ್ದೆ ಮುಟ್ಟುವುದಿಲ್ಲ, ನೀರೂ ಸರಿಯಾಗಿ ಕುಡಿಯುವುದಿಲ್ಲ. ಅವರಪ್ಪ ಮಾತು ಬಿಟ್ಟಿದ್ದಾರೆ. ನಾನೇನು ಮಾಡಲಿ?

ಅಕ್ಕಾ, ನಮ್ಮಣ್ಣ ಗರಡಿಗೆ ಹೋಗುತ್ತಿದ್ದ. ದಸರಾ ಕುಸ್ತಿ ದಿನ ಅಮ್ಮ ದೇವರ ಮನೆ ಬಿಟ್ಟು ಏಳುತ್ತಿರಲಿಲ್ಲ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಆ ನೀರಿನ ಮಾತು.

ಗರಡಿಯಲ್ಲಿ ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸುತ್ತಾರೆ. ಇಲ್ಲಿ ಉಲ್ಟಾ. 77 ಕೆಜಿಯ ಹುಡುಗ 70 ಕೆಜಿ ವಿಭಾಗದಲ್ಲಿ ಆಡಬೇಕು ಅಂತ ನೀರು ಬಿಟ್ಟು, ಬೆವರು ಸುರಿಸಿ ದೇಹ ಒಣಗಿಸುತ್ತಾನೆ. 2015ರಲ್ಲಿ ಯಾಂಗ್ ಜಿಯಾನ್ ಬಿಂಗ್ ಎಂಬ ಚೀನಾದ ಹುಡುಗ ಹೀಗೆ ತೂಕ ಇಳಿಸಲು ಹೋಗಿ, ಮನಿಲಾದಲ್ಲಿ ಪಂದ್ಯಕ್ಕೆ ಮೊದಲೇ ತೀರಿಕೊಂಡ. ಅವನಿಗೆ ಬರೀ 21 ವರ್ಷ. ಆಮೇಲೆ ಆ ಪಂದ್ಯ ನಡೆಸುವ ಒನ್ ಚಾಂಪಿಯನ್‌ಶಿಪ್‌ನವರು ದೇಹ ಒಣಗಿಸುವುದನ್ನೇ ನಿಷೇಧಿಸಿದರು. ದೇಹದಲ್ಲಿ ನೀರು ಸಾಕಷ್ಟಿದೆಯೇ ಅಂತ ನೋಡಲು ಮೂತ್ರ ಪರೀಕ್ಷೆ ತಂದರು.

ಹತ್ತು ಷರತ್ತು ಹಾಕಬೇಡಿ ಅಕ್ಕಾ, ಇದೊಂದೇ ಹಾಕಿ. ಆಡುವುದಾದರೆ ನಿನ್ನ ಸಹಜ ತೂಕದಲ್ಲೇ ಆಡು ಅನ್ನಿ. ಅವನ ಕೋಚ್ ಎದುರಿಗೇ ಹೇಳಿ. ಕೋಚ್ ಒಪ್ಪದಿದ್ದರೆ ಆ ಕೋಚ್‌ನನ್ನೇ ಬಿಡಿಸಿ.
— ಪೈಲ್ವಾನರ ತಂಗಿ, ಮೈಸೂರು

ಅಮ್ಮಾ, ನಾನು ಕಿಕ್‌ಬಾಕ್ಸಿಂಗ್ ಕಲಿತವನು. ಇಂಥ ಶೋ ಜನಪ್ರಿಯವಾಗಿದ್ದು ಅಮೆರಿಕದ 'ದಿ ಅಲ್ಟಿಮೇಟ್ ಫೈಟರ್'ನಿಂದ, 2005ರಲ್ಲಿ. ಲಾಸ್ ವೇಗಸ್‌ನ ಒಂದೇ ಮನೆಯಲ್ಲಿ ಎಲ್ಲರೂ ಇರಬೇಕು. ಫೋನ್ ಇಲ್ಲ, ಟಿವಿ ಇಲ್ಲ. ನಾಳೆ ಯಾರ ಜೊತೆ ಹೊಡೆದಾಡಬೇಕೋ ಅವನ ಜೊತೆಗೇ ಇವತ್ತು ಊಟ. ಮೊದಲ ಸೀಸನ್ ಫೈನಲ್‌ನಲ್ಲಿ ಫಾರೆಸ್ಟ್ ಗ್ರಿಫಿನ್ ಗೆದ್ದರು. ಸೋತ ಸ್ಟೀಫನ್ ಬಾನರ್ ಎಷ್ಟು ಚೆನ್ನಾಗಿ ಆಡಿದ್ದರೆಂದರೆ ಅವರಿಗೂ ಯುಎಫ್‌ಸಿ ಎಂಬ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯ ಕಾಂಟ್ರ್ಯಾಕ್ಟ್ ಸಿಕ್ಕಿತು. ಹುಡುಗರು ಈ ಕಥೆ ಹೇಳಿಕೊಂಡೇ ಆಡಿಷನ್‌ಗೆ ಹೋಗುತ್ತಾರೆ. ನಾನೂ ಹೇಳಿಕೊಂಡಿದ್ದೆ. ಆದರೆ ಸೋತವರೆಲ್ಲರಿಗೂ ಹಾಗೆ ಸಿಗುವುದಿಲ್ಲ ಅಮ್ಮಾ.

ಇದುವರೆಗೆ ಎಷ್ಟು ಅಮೆಚೂರ್ (ಹಣಕ್ಕಾಗಿ ಅಲ್ಲದ) ಪಂದ್ಯ ಆಡಿದ್ದಾನೆ ಅಂತ ಕೇಳಿ. ಒಂದೂ ಇಲ್ಲ ಅಂದರೆ ಮೊದಲು ಅದನ್ನು ಆಡಲಿ. 2024ರಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ವರ್ಷಗಟ್ಟಲೆ ವುಶು ಎಂಬ ಚೀನೀ ಸಮರಕಲೆ ಆಡಿ ಬಂದವರು. ಸಹಿ ಹಾಕುವ ಮೊದಲು ಶೋದವರ ಕರಾರು ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದ್ದು, ಶೋ ಮುಗಿದ ಮೇಲೆ ಎಷ್ಟು ವರ್ಷ ಅವರಿಗೇ ಆಡಬೇಕು, ಇವೆರಡು ಗೊತ್ತಾಗಲೇಬೇಕು.
— ಓದುಗ, ಮದ್ದೂರು

ಈ ಮಾತು ನಿಮ್ಮ ಯಜಮಾನರಿಗೆ. ನಾನೂ ಕುಸ್ತಿ ವಿಷಯಕ್ಕೆ ಮಗನ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ. ಒಂದು ಸಂಜೆ ಸುಮ್ನೆ ಹೋಗಿ ಗರಡಿ ಬಾಗಿಲಲ್ಲಿ ನಿಂತೆ. ಮಗ ಎಡಗಾಲು ಎಳೆಯುತ್ತಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳೋಕೆ ನಾನೆಲ್ಲಿ ಬಿಟ್ಟಿದ್ದೆ? ರಾತ್ರಿ ಊಟಕ್ಕೆ ಕೂತಾಗ 'ಮಂಡಿಗೆ ಏನಾಯ್ತೋ?' ಅಂದೆ. ತಟ್ಟೆ ಬಿಟ್ಟು ಎದ್ದು ಬಂದು ಮಂಡಿ ತೋರಿಸಿದ.
— ಒಬ್ಬ ತಂದೆ, ಪಾಂಡವಪುರ